ನಾಲ್ಕು ಗೋಣಿಚೀಲದ ಎಸ್ಕೇಪ್ ರೂಮು

ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿಯರು ಸಿಕ್ಕಾಗಲೆಲ್ಲ, "ಟೀಚರೇ, ಮೂವತ್ತನಾಲ್ಕು ವರ್ಷ ಪಾಠ ಮಾಡಿದ್ದೀರಿ, ಕಲಿಸೋಕೆ ಎಲ್ಲಕ್ಕಿಂತ ಕಷ್ಟ ಯಾವುದು?" ಎಂದು ಕೇಳುತ್ತಾರೆ. ಭಾಗಾಕಾರ ಎಂದೇನೋ ಹೇಳುತ್ತೇನೆ ಅಂತ ಕಾಯುತ್ತಿರುತ್ತಾರೆ. ನಾನು ಎಸ್ಕೇಪ್ ರೂಮು ಎನ್ನುತ್ತೇನೆ. ಅವರು ನಗುತ್ತಾರೆ. ನಗಲಿ ಬಿಡಿ. ಅವರಿಗೂ ಒಂದು ದಿನ ತರಬೇತಿಗೆ ಬನ್ನಿ ಎಂದು ಆರ್ಡರ್ ಬರುತ್ತದೆ, ಆಗ ಆ ನಗು ಎಲ್ಲಿ ಹೋಗುತ್ತದೆ ನೋಡೋಣ.

ಆಲ್ದೂರಿನಲ್ಲಿ ಕೆಲವು ವರ್ಷ, ಮೂಡಿಗೆರೆ ಕಡೆ ಕೆಲವು ವರ್ಷ, ಕೊನೆಯ ಹನ್ನೊಂದು ವರ್ಷ ಸಂಸೆಯ ಹತ್ತಿರದ ಒಂದು ಪ್ರಾಥಮಿಕ ಶಾಲೆ. ನನ್ನ ಸರ್ವಿಸ್ಸು ಇಷ್ಟೇ. ಬಡ್ತಿ, ಶಾಲು, ಹಾರ ಇವೆಲ್ಲ ರಿಜಿಸ್ಟರಿನಲ್ಲಿವೆ, ಬೇಕಾದವರು ಅಲ್ಲೇ ಓದಿಕೊಳ್ಳಲಿ. ನಾನು ಸೇರಿದಾಗ ಕೋಲು ಮತ್ತು ಮಗ್ಗಿಯ ಕಾಲ. ಆಮೇಲೆ ಕೋಲು ಪಾಪವಾಯಿತು, ಕಾರ್ಡು ಬಂದವು. ಕಾರ್ಡು ಹಳತಾಗಿ ಹಾಡು ಬಂತು, ಕುಣಿತ ಬಂತು. ನಲವತ್ತೈದು ದಾಟಿದ ಮಂಡಿಯಲ್ಲಿ ಕಪ್ಪೆಯ ಹಾಗೆ ಕುಪ್ಪಳಿಸಿ 'ಕ' ಕಲಿಸಿದ್ದೇನೆ ನಾನು. ಆಮೇಲೆ ಟ್ಯಾಬು ಬಂತು, ನೆಟ್‌ವರ್ಕು ಬರಲಿಲ್ಲ. ಪ್ರತಿ ಹೊಸ ಪದ್ಧತಿ ತಂದವರೂ ಹಿಂದಿನ ವರ್ಷದವರೆಗೆ ನಾವು ಮಾಡಿದ್ದೆಲ್ಲ ತಪ್ಪು ಎಂದೇ ಶುರು ಮಾಡುತ್ತಿದ್ದರು. ಮರುವರ್ಷ ಅವರದ್ದೂ ತಪ್ಪಾಗುತ್ತಿತ್ತು.

ನಿವೃತ್ತಿಗೆ ಒಂದು ವರ್ಷವಿದ್ದಾಗ ಚಿಕ್ಕಮಗಳೂರಿನಲ್ಲಿ ಮೂರು ದಿನದ ತರಬೇತಿ ಇಟ್ಟರು. ಸುರಿಯುವ ಮಳೆಯಲ್ಲಿ ಎರಡು ಬಸ್ಸು ಬದಲಾಯಿಸಿ ಹೋದೆ. ನನ್ನ ಮಗನ ವಯಸ್ಸೂ ಆಗಿರದ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ. ಎಸ್ಕೇಪ್ ರೂಮ್ ಎಂದರೆ ಒಗಟುಗಳ ಕೋಣೆಯಂತೆ. ಒಳಗೆ ಹೋದವರು ಅಲ್ಲಿರುವ ಸುಳಿವು ಹುಡುಕಿ, ಒಗಟು ಬಿಡಿಸಿ, ಗೆದ್ದು ಹೊರಗೆ ಬರಬೇಕು. ಪೇಟೆಯಲ್ಲಿ ಜನ ಕಾಸು ಕೊಟ್ಟು ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರಂತೆ. ನಮ್ಮ ಮಕ್ಕಳು ಅದನ್ನು ಆಡುವುದಲ್ಲ, ತಾವೇ ಯೋಚಿಸಿ ಕಟ್ಟಬೇಕು. ಮೊದಲು ರಟ್ಟು, ದಾರ, ಹಳೆ ಡಬ್ಬಿಯಲ್ಲಿ ಪ್ರೊಟೊಟೈಪ್ ಮಾಡಬೇಕು.

"ಪ್ರೊಟೊಟೈಪ್ ಅಂದ್ರೆ ಎಂತ ಮಾರಾಯ?" ಎಂದೆ.

"ಖರ್ಚಿಲ್ಲದೆ ಒಂದು ಮಾದರಿ ಮಾಡಿ, ಬೇಗ ಸೋತು ನೋಡೋದು ಮೇಡಂ."

"ಬೇಗ ಸೋಲೋದನ್ನ ನಮ್ಮ ಶಾಲೆಗೆ ಯಾರೂ ಹೇಳಿಕೊಡೋದು ಬೇಡ," ಎಂದೆ. ಹಿಂದಿನ ಬೆಂಚಿನವರೆಲ್ಲ ನಕ್ಕರು. ಅವನೂ ನಕ್ಕ, ಪಾಪ. ಆದರೆ ಒಂದು ಮಾತನ್ನು ಸರಿಯಾಗಿಯೇ ಹೇಳಿದ. ಒಗಟು ಕಟ್ಟಿದವನಿಗೆ ಮಾತ್ರ ಬಿಡಿಸಲು ಬಂದರೆ ಅದು ಒಗಟಲ್ಲ, ಗುಟ್ಟು. ಏನೂ ಗೊತ್ತಿಲ್ಲದೆ ಒಳಗೆ ಬಂದವರಿಗೂ ದಾರಿ ಸಿಗಬೇಕು ಎಂದ.

ನಮ್ಮ ಹೆಡ್‌ಮಾಸ್ಟರು ನಾಗೇಶಪ್ಪನವರು ಒಳ್ಳೆಯವರೇ, ಆದರೆ ಹೆದರುಪುಕ್ಕಲು. ವಿಷಯ ಕೇಳಿ ಕುರ್ಚಿಯಿಂದ ಎದ್ದೇ ಬಿಟ್ಟರು.

"ಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕೋದಾ? ಪೇಪರಿನಲ್ಲಿ ಬರ್ತದೆ ಮೇಡಂ! ನಿಮಗೆ ರಿಟೈರ್ಮೆಂಟು, ನನಗೆ ಸಸ್ಪೆನ್ಶನ್ನು!"

ಬಾಗಿಲಿಗೆ ಬೀಗವಿಲ್ಲ, ಚಿಲಕವೂ ಇಲ್ಲ, ಅಡ್ಡ ಒಂದು ಹುರಿ ಕಟ್ಟುತ್ತೇವೆ ಅಷ್ಟೆ ಎಂದು ಎರಡು ವಾರ ಹೇಳಿದ ಮೇಲೆ ಅಡುಗೆಮನೆಯ ಪಕ್ಕದ ಹಳೆಯ ದಾಸ್ತಾನು ಕೋಣೆ ಕೊಟ್ಟರು. ಅದೂ ಬಾಗಿಲನ್ನೇ ಕಳಚಿಸಿ ಗೋಡೆಗೆ ಒರಗಿಸಿದ ಮೇಲೆ. ಬಾಗಿಲೇ ಇಲ್ಲದ ಕೋಣೆಯಿಂದ ತಪ್ಪಿಸಿಕೊಳ್ಳುವುದು ಹೇಗೆಂದು ಮಕ್ಕಳಿಗೆ ಕಲಿಸುವ ಭಾಗ್ಯ ನನ್ನದಾಯಿತು.

ನಾಲ್ಕು ಮತ್ತು ಐದನೇ ತರಗತಿ ಸೇರಿ ಹನ್ನೆರಡು ಮಕ್ಕಳು, ಮೂರು ಗುಂಪು. ಮೊದಲ ಗುಂಪಿನ ಯೋಜನೆ ಏನು ಗೊತ್ತೇ? ಡಬ್ಬಿಯಲ್ಲಿ ಒದ್ದೆ ಎಲೆ ತುಂಬಿ, ಅದರೊಳಗೆ ಬೀಗದ ಕೈ ಇಟ್ಟು, ಮೇಲೆ ರಕ್ತ ಹೀರುವ ಇಪ್ಪತ್ತು ಇಂಬಳ ಬಿಡುವುದು. "ಕೈ ಹಾಕಕ್ಕೆ ಧೈರ್ಯ ಬೇಕಲ್ಲ ಟೀಚರೇ, ಅದೇ ಒಗಟು," ಎಂದ ಮಂಜ. ಇವನು ಐದನೇ ತರಗತಿಯ ಬಾಯಿಬಡುಕ. ಶಾಲೆಯಲ್ಲಿ ಗಾಳಿ ಬೀಸಿದರೂ ಅದಕ್ಕೆ ಇವನದ್ದೊಂದು ವಿವರಣೆ ಇರುತ್ತಿತ್ತು. ಇಂಬಳಗಳನ್ನು ಆಗಲೇ ಹಿಡಿದು ಬಾಟಲಿಯಲ್ಲಿ ತಂದೂ ಆಗಿತ್ತು. ನಾನು ಹಣೆ ಚಚ್ಚಿಕೊಂಡೆ. ಬಾಟಲಿಯನ್ನು ಹಳ್ಳದ ಆಚೆ ಖಾಲಿ ಮಾಡಿಸಿ ಬರುವಷ್ಟರಲ್ಲಿ ನನ್ನ ಹಿಮ್ಮಡಿಗೆ ಎರಡು ಹತ್ತಿದ್ದವು.

ಎರಡನೇ ಗುಂಪಿನದು ನಂಬರ್ ಬೀಗ. ಸಂಖ್ಯೆ ಏಳು. ಯಾಕೆ ಏಳು? "ನಮ್ಮನೆ ನಾಯಿ ಏಳು ಮರಿ ಹಾಕಿತ್ತು ಟೀಚರೇ."

"ಒಳಗೆ ಹೋದೋರಿಗೆ ಅದು ಹೆಂಗೆ ಗೊತ್ತಾಗ್ಬೇಕು?"

"ನಮ್ಮನೆಗೆ ಬಂದಿದ್ರೆ ಗೊತ್ತಿರ್ತದೆ."

ಅಯ್ಯೋ ದೇವರೇ! ಎದುರಿಗೆ ಇರುವವರ ತಲೆಯಲ್ಲಿ ಏನಿದೆ, ಏನಿಲ್ಲ ಎಂದು ಯೋಚಿಸಿ ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಕಷ್ಟ ಮಾಡುವುದು ಯಾರಿಗೂ ಬರುತ್ತದೆ, ಪ್ರಶ್ನೆಪತ್ರಿಕೆ ಮಾಡುವ ನಮ್ಮವರಿಗಂತೂ ಬಹಳ ಚೆನ್ನಾಗಿ ಬರುತ್ತದೆ. ಬಿಡಿಸಲು ಬರುವ ಹಾಗೆ ಕಷ್ಟ ಮಾಡುವುದು ಬೇರೆ ವಿದ್ಯೆ. ಅದನ್ನು ಒಂಬತ್ತು ವರ್ಷದವರಿಗೆ ಕಲಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ದೊಡ್ಡ ತಪ್ಪು ನನ್ನದೇ. ಒಗಟು ಬಿಡಿಸಿದವರು ಗೆದ್ದೆವೆಂದು ತೋರಿಸಲು ಶಾಲೆಯ ಗಂಟೆ ಬಾರಿಸಲಿ ಎಂದು ನಾನೇ ಸೂಚಿಸಿದೆ. ಒಗಟನ್ನು ಮೊದಲು ಪರೀಕ್ಷಿಸಿದ ದಿನ ಹನ್ನೊಂದೂವರೆಗೆ ಗಂಟೆ ಮೊಳಗಿತು. ಒಂದು, ಎರಡು, ಮೂರನೇ ತರಗತಿಯವರು ಚೀಲ ಹೆಗಲಿಗೇರಿಸಿ ಮನೆಗೆ ಓಡಿದರು. ಅಡುಗೆಯವರು ಬೇಯದ ಅನ್ನ ಇಳಿಸಿಬಿಟ್ಟರು. ನಾಗೇಶಪ್ಪನವರು ಛತ್ರಿ ಹಿಡಿದು ರಸ್ತೆಯಲ್ಲಿ ಮಕ್ಕಳ ಹಿಂದೆ ಓಡಿದ್ದನ್ನು ನೋಡಿದವರು ಈಗಲೂ ಹೇಳುತ್ತಾರೆ. ಅಂದಿನಿಂದ ಗಂಟೆ ರದ್ದಾಯಿತು. ಒಂದು ಕೆಂಪು ರಿಬ್ಬನ್ ಬಚ್ಚಿಡುವುದು, ಅದನ್ನು ಹುಡುಕಿ ಹೊರಗೆ ತಂದವರು ಗೆದ್ದ ಹಾಗೆ ಎಂದು ಮಾಡಿದೆವು.

ಇನ್ನು ಚೈತ್ರಳ ವಿಷಯ. ಇದನ್ನು ಹೇಳುವುದಕ್ಕೇ ಬರೆಯಲು ಕೂತದ್ದು.

ಚೈತ್ರ ಐದನೇ ತರಗತಿ. ಎಸ್ಟೇಟ್ ಲೈನಿನ, ಎಂದರೆ ಕೂಲಿಯವರ ಸಾಲುಮನೆಯ ಹುಡುಗಿ. ಅವಳಮ್ಮ ರತ್ನ ಅದೇ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವವಳು. ಈ ಹುಡುಗಿ ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಮಾತಾಡುತ್ತಿದ್ದಳಂತೆ, ಜಗಲಿಯಲ್ಲಿ ಆಡುತ್ತಿದ್ದಳಂತೆ, ನನ್ನ ಎದುರು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ನೆಲ ನೋಡುವಳು. ನಾನು ಎರಡು ಎಣಿಸುವಷ್ಟು ಕಾದು, ನಾನೇ ಉತ್ತರ ಹೇಳಿ, "ಗೊತ್ತಾಯ್ತಾ? ಕೂತ್ಕೋ," ಎನ್ನುತ್ತಿದ್ದೆ. ನನಗೆ ಸಿಲೆಬಸ್ ಮುಗಿಸಬೇಕಲ್ಲ!

ಈ ಹೇಳಿಕೊಡುವ ಚಾಳಿ ನನ್ನದೊಬ್ಬಳದೇ ಅಲ್ಲ, ನಮ್ಮ ಇಡೀ ತಲೆಮಾರಿನದು. ಇನ್‌ಸ್ಪೆಕ್ಷನ್ನಿಗೆ ಸಾಹೇಬರು ಬಂದರೆ ಅವರ ಬೆನ್ನ ಹಿಂದೆ ನಿಂತು, ಮಕ್ಕಳಿಗೆ ಕಾಣುವ ಹಾಗೆ ತುಟಿ ಅಲ್ಲಾಡಿಸಿ ಉತ್ತರ ಹೇಳಿಕೊಡುವುದು. ಮೂಡಿಗೆರೆ ಕಡೆ ಇದ್ದಾಗ ಒಬ್ಬ ಸಾಹೇಬರು ಥಟ್ಟನೆ ಹಿಂತಿರುಗಿ ನೋಡಿ, "ಟೀಚರೇ, ನಿಮಗೆ ಉತ್ತರ ಗೊತ್ತಿದೆ ಅಂತ ಗೊತ್ತಾಯ್ತು, ಇನ್ನು ಮಕ್ಕಳು ಹೇಳಲಿ," ಎಂದಿದ್ದರು. ಮುಖ ಎಲ್ಲಿಡಲಿ ಎನಿಸಿತು. ಆದರೂ ಚಟ ಬಿಡಲಿಲ್ಲ.

ಆ ಡಿಸೆಂಬರಿನಲ್ಲಿ ಕೊಯ್ಲು ಜೋರಾದಾಗ ಚೈತ್ರ ಮೂರು ವಾರ ಶಾಲೆಗೆ ಬರಲಿಲ್ಲ. ಅಮ್ಮನ ಜೊತೆ ತೋಟಕ್ಕೆ ಹೋಗಿ, ಗಿಡದ ಬುಡದಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಗೈರುಹಾಜರಿ ಹಾಕಿ ಹಾಕಿ ನನ್ನ ಪೆನ್ನಿನ ಕೆಂಪು ಇಂಕು ಮುಗಿಯುತ್ತ ಬಂತು. ಒಂದು ಸಂಜೆ ಜೀಪು ಕಾಯುತ್ತಿದ್ದಾಗ ರತ್ನ ಸಿಕ್ಕಿದಳು. ಮೈಯೆಲ್ಲ ಉರಿಯುತ್ತಿತ್ತು ನನಗೆ.

"ಎಂತ ಮಾರಾಯ್ತಿ, ಮೊದಲೇ ಅವಳಿಗೆ ಓದು ಹತ್ತೋದಿಲ್ಲ, ಅದರ ಮೇಲೆ ರಜಾ ಬೇರೆ!" ಎಂದುಬಿಟ್ಟೆ.

ಅವಳು, "ಹತ್ತಲ್ವಾ ಟೀಚರೇ?" ಎಂದಳು. "ಹಂಗಾರೆ ಐದಕ್ಕೆ ಸಾಕು ಬಿಡಿ. ಆರನೇ ಕ್ಲಾಸಿಗೆ ಕಳಸ ಪೇಟೆಗೆ ಹೋಗ್ಬೇಕು, ದಿನಾ ಬಸ್ಸು. ಹತ್ತದ ಓದಿಗೆ ಅಷ್ಟು ದೂರ ಯಾಕೆ ಕಳಿಸೂದು? ಮನೇಲಿ ತಮ್ಮನ್ನ ನೋಡ್ಕಳ್ಳಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಸಿಟ್ಟಿಗೆ ಆಡಿದ್ದನ್ನು ಅವಳು ಟೀಚರ ತೀರ್ಪು ಎಂದು ತೆಗೆದುಕೊಂಡಿದ್ದಳು. ಹಾಗಲ್ಲ, ಹೀಗೆ ಎಂದು ನಾನು ಶುರು ಮಾಡುವುದರೊಳಗೆ ಅವಳ ಜೀಪು ಹೊರಟಿತು. ಹತ್ತು ವರ್ಷದ ಹುಡುಗಿಯ ಶಾಲೆಯನ್ನು ನಾಲ್ಕು ಪದಗಳಲ್ಲಿ ಮುಗಿಸಿ ನಿಂತಿದ್ದೆ ನಾನು. ಆ ವಾರ ನನಗೆ ಅನ್ನ ಸೇರಲಿಲ್ಲ. ಎರಡು ಸಲ ಲೈನಿಗೆ ಹೋಗಿ ಬುದ್ಧಿ ಹೇಳಿದೆ. ರತ್ನ ಚಹಾ ಕೊಟ್ಟಳು, ತಲೆ ಆಡಿಸಿದಳು, "ನೀವೇ ಹೇಳಿದ್ರಲ್ಲ," ಎಂದಳು.

ಜನವರಿಯಲ್ಲಿ ಚೈತ್ರ ವಾಪಸು ಬಂದಳು. ಅವಳಿದ್ದ ಮೂರನೇ ಗುಂಪಿನ ಒಗಟನ್ನು ಅವಳೊಬ್ಬಳೇ ಕಟ್ಟತೊಡಗಿದಳು, ಉಳಿದವರು ರಟ್ಟು ಹಿಡಿದುಕೊಂಡು ನಿಲ್ಲುತ್ತಿದ್ದರು. ಆರು ಸಲ ಮಾಡಿ ಕೆಡವಿದಳು. ಪ್ರತಿ ಸಲ ಮೂರನೇ ತರಗತಿಯ ಒಬ್ಬರನ್ನು ಒಳಗೆ ಬಿಟ್ಟು, ಮೂಲೆಯಲ್ಲಿ ಕೂತು, ಅವರ ಕಣ್ಣು ಮೊದಲು ಎಲ್ಲಿ ಹೋಗುತ್ತದೆ ಎಂದು ನೋಡುವಳು. ಕಣ್ಣು ತಪ್ಪಿದ ಕಡೆ ಇಟ್ಟಿದ್ದನ್ನು ಮರುದಿನ ಬೇರೆ ಕಡೆ ಇಡುವಳು. ತರಬೇತಿಯ ಹುಡುಗ ಮೂರು ದಿನ ಬಡಬಡಿಸಿದ್ದು ಇದನ್ನೇ ಎಂದು ನನಗೆ ಆಗ ಅರ್ಥವಾಯಿತು.

ಕೊನೆಗೆ ಮಾಡಿದ್ದು ಹೀಗೆ: ನಾಲ್ಕು ಸಣ್ಣ ಗೋಣಿಚೀಲ, ಪ್ರತಿಯೊಂದರ ಎದುರು ಒಂದು ಹಿಡಿ ಕಾಫಿ ಹಣ್ಣು, ಪಕ್ಕದಲ್ಲಿ ಒಂದು ಬಕೆಟ್ ನೀರು. ಒಂದೇ ಚೀಲ ಬಿಚ್ಚಬಹುದು, ಅದರಲ್ಲಿ ರಿಬ್ಬನ್ ಇರಬೇಕು. ಗೋಡೆಯ ಮೇಲೆ ಒಂದು ಚಿತ್ರ: ಬಕೆಟ್ಟು, ಅದರ ತಳದಲ್ಲಿ ನಾಲ್ಕು ಹಣ್ಣು. ಹಣ್ಣು ನೀರಿಗೆ ಹಾಕಿ ನೋಡಬೇಕು. ಜೊಳ್ಳು ತೇಲುತ್ತದೆ, ಗಟ್ಟಿ ಮುಳುಗುತ್ತದೆ. ಯಾವ ಹಿಡಿಯ ಹಣ್ಣು ಎಲ್ಲವೂ ಮುಳುಗಿದವೋ ಆ ಚೀಲ. ತೋಟ ಕಂಡವರಿಗೆ ತಿಳಿಯುತ್ತದೆ, ಕಾಣದವರಿಗೆ ಚಿತ್ರ ಇದೆ.

ನಾನು ಎಂತ ಮಾಡಿದೆ ಹೇಳಿ? "ಎಲ್ಲರೂ ಸುಳಿವು ಬರೆದಿದ್ದಾರೆ, ನೀನು ಒಂದಕ್ಷರವೂ ಬರೆದಿಲ್ಲವಲ್ಲ ಚೈತ್ರ," ಎಂದು ಗದರಿದೆ. ಅವಳು ನೆಲ ನೋಡಿದಳು. ಮಂಜ ತಡೆಯಲಾರದೆ, "ಟೀಚರೇ, ಅವಳಮ್ಮಂಗೆ ಓದಕ್ಕೆ ಬರಲ್ವಲ್ಲ, ಅದಕ್ಕೇ," ಎಂದ. ನಾನು ಡಸ್ಟರ್ ಹುಡುಕುವ ನೆಪದಲ್ಲಿ ಆಚೆ ತಿರುಗಿದೆ.

ಪೋಷಕರ ಸಭೆಯ ಶನಿವಾರ ರತ್ನ ಬರುವ ಹಾಗೆ ಮಾಡಲು ನಾನು ಪಟ್ಟ ಪಾಡು ನನಗೇ ಗೊತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಹೇಳಿಸಿ, ಮೇಸ್ತ್ರಿಗೆ ಹೇಳಿಸಿ ಅರ್ಧ ದಿನ ಬಿಡಿಸಿದೆ. ಮಗಳು ಕಟ್ಟಿದ್ದನ್ನು ಕಣ್ಣಾರೆ ನೋಡಿದರೆ ನನ್ನ ಮಾತು ಸುಳ್ಳೆಂದು ಅವಳಿಗೇ ತಿಳಿಯುತ್ತದೆ ಎಂಬ ಆಸೆ ನನಗೆ. ಹನ್ನೆರಡು ಗಂಟೆಗೆ ಅವಳು ಒಳಗೆ ಹೋದಳು. ಒಂದಕ್ಕೆ ಅವಳ ಜೀಪು. ಚೈತ್ರ ಮೂಲೆಯಲ್ಲಿ, ನಾನು ಹೊಸ್ತಿಲಲ್ಲಿ.

ರತ್ನ ಚಿತ್ರ ನೋಡಿದಳು. ಚೀಲ ನೋಡಿದಳು. ಒಂದು ಹಣ್ಣು ತೆಗೆದು ಬೆರಳಲ್ಲಿ ಒತ್ತಿದಳು. ಮತ್ತೆ ಚಿತ್ರ ನೋಡಿದಳು. ಬಕೆಟ್ಟಿನ ಕಡೆ ತಿರುಗಿದಳು. ನಿಂತಳು. ನನಗೆ ತಡೆಯಲಾಗಲಿಲ್ಲ.

"ನೀರಿಗೆ ಹಾಕು ರತ್ನ, ನೀರಿಗೆ! ಯಾವ್ದು ಮುಳುಗ್ತದೆ ನೋಡು!"

ಮೂವತ್ತನಾಲ್ಕು ವರ್ಷದ ಚಟ. ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ರತ್ನ ಹೇಳಿದ ಹಾಗೆ ಮಾಡಿದಳು, ಚೀಲ ಬಿಚ್ಚಿದಳು, ರಿಬ್ಬನ್ ತೆಗೆದಳು. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ.

"ನೀವು ಹೇಳಿಕೊಟ್ರಿ, ನಾನು ತೆಗ್ದೆ," ಎಂದಳು. "ಇದೂ ನೀವೇ ಮಾಡಿಸಿದ್ದಾ ಟೀಚರೇ? ಇವಳದ್ದು ಇದ್ರಲ್ಲಿ ಎಂತ ಉಂಟು?"

ಚೈತ್ರ ನನ್ನನ್ನು ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ ನೆಲ ನೋಡದೆ ನನ್ನನ್ನೇ ನೋಡಿದಳು. ನನಗೆ ಅಳು ಬಂತು, ನಾಚಿಕೆಯೂ ಆಯಿತು. ಇಂಥ ಟೀಚರಿಗೆ ಯಾವ ಶಾಲು ಹೊದಿಸಿದರೆ ಏನು ಬಂತು!

ಅವಳು ಅಮ್ಮನ ಕೈಯಿಂದ ರಿಬ್ಬನ್ ಕಿತ್ತುಕೊಂಡಳು. ಅಮ್ಮನನ್ನು ತಳ್ಳಿಕೊಂಡು ಹೋಗಿ ಹೊರಗೆ ಬಿಟ್ಟಳು. ಬಕೆಟ್ ಎತ್ತಿ ಆಚೆ ಇಟ್ಟಳು, ಹಣ್ಣುಗಳನ್ನು ಗುಡಿಸಿದಳು, ಚಿತ್ರ ಕಿತ್ತಳು. ಹತ್ತು ನಿಮಿಷ ನಾಲ್ಕು ಚೀಲಗಳ ಮುಂದೆ ನಮಗೆ ಬೆನ್ನು ಮಾಡಿ ಕೂತು ಏನೋ ಮಾಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಕೈಯಲ್ಲಿಟ್ಟಳು. ನಾನು ಕುಡಿಯಲು ಹೋದೆ. ತಲೆ ಅಡ್ಡ ಆಡಿಸಿದಳು. ತನ್ನ ಎರಡು ಕೆನ್ನೆ ಉಬ್ಬಿಸಿ, ತುಟಿ ಬಿಗಿದು ತೋರಿಸಿದಳು.

ಅರ್ಥವಾಯಿತು. ಬಾಯಿ ತುಂಬ ನೀರು ಹಿಡಿದು ನಿಲ್ಲಬೇಕು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮಕ್ಕಳೆಲ್ಲ ನೋಡುತ್ತಿದ್ದರು, ನಾಗೇಶಪ್ಪನವರೂ ನೋಡುತ್ತಿದ್ದರು. ನಾನು ನೀರು ಬಾಯಿಗೆ ಹಾಕಿಕೊಂಡು, ಕೆನ್ನೆ ಉಬ್ಬಿಸಿ, ಕಂಬದ ಹಾಗೆ ನಿಂತೆ.

"ಜೀಪು ಬರ್ತದೆ," ಎಂದು ಗೊಣಗುತ್ತ ರತ್ನ ಎರಡನೇ ಸಲ ಒಳಗೆ ಹೋದಳು. ನಾಲ್ಕು ಚೀಲ ಬಿಟ್ಟರೆ ಕೋಣೆಯಲ್ಲಿ ಏನೂ ಇಲ್ಲ. ಚಿತ್ರವಿಲ್ಲ, ಹಣ್ಣಿಲ್ಲ. ಅವಳು ಒಂದೊಂದೇ ಚೀಲವನ್ನು ತಿರುಗಿಸಿ ನೋಡಿದಳು, ಎತ್ತಿ ತೂಕ ನೋಡಿದಳು, ಮೂಸಿ ನೋಡಿದಳು. ಒಂದು ನಿಮಿಷವಾಯಿತು, ಎರಡಾಯಿತು. ನನ್ನ ಕೆನ್ನೆ ನೋಯುತ್ತಿತ್ತು. ನನಗೂ ಉತ್ತರ ಗೊತ್ತಿರಲಿಲ್ಲ, ಗೊತ್ತಿದ್ದರೂ ಹೇಳುವ ಹಾಗಿರಲಿಲ್ಲ. ಚೈತ್ರ ಮೂಲೆಯಲ್ಲಿ ಕೂತು ಅಮ್ಮನ ಕಣ್ಣನ್ನೇ ನೋಡುತ್ತಿದ್ದಳು.

ರತ್ನ ಕೊನೆಗೆ ಚೀಲದ ಬಾಯಿ ಕಟ್ಟಿದ್ದ ಗಂಟುಗಳನ್ನು ಮುಟ್ಟಿದಳು. ನಾಲ್ಕು ಬೇರೆ ಬೇರೆ ಗಂಟು. ಮೂರನೆಯದರ ಮೇಲೆ ಅವಳ ಬೆರಳು ನಿಂತಿತು.

"ಇದು ನನ್ನ ಗಂಟಲ್ವಾ!" ಎಂದಳು.

ಸಂಜೆ ಹಣ್ಣು ತೂಗುವ ಅಂಗಳದಲ್ಲಿ ಚೀಲಗಳು ರಾಶಿ ಬೀಳುತ್ತವೆ. ಯಾರ ಚೀಲ ಯಾರದ್ದೆಂದು ಮೇಸ್ತ್ರಿಗೆ ಗೊಂದಲವಾಗಬಾರದೆಂದು ಆ ಲೈನಿನ ಹೆಂಗಸರು ಒಬ್ಬೊಬ್ಬರೂ ತಮ್ಮದೇ ಗಂಟು ಹಾಕುತ್ತಾರಂತೆ. ನನಗೆ ಇದು ಆಮೇಲೆ ತಿಳಿದದ್ದು. ಎರಡು ಸುತ್ತು, ಒಂದು ಮಡಿಕೆ, ಬಾಲ ಎಡಕ್ಕೆ, ಅದು ರತ್ನಳದ್ದು. ನಾನು ಗೈರುಹಾಜರಿ ಹಾಕುತ್ತಿದ್ದ ಮೂರು ವಾರ ಆ ಹುಡುಗಿ ಇದನ್ನು ಕಲಿಯುತ್ತಿದ್ದಳು. ಉಳಿದ ಮೂರು ಪಕ್ಕದ ಮನೆಯವರ ಗಂಟುಗಳು, ಅವೂ ಒಂದಿಷ್ಟೂ ತಪ್ಪಿರಲಿಲ್ಲ. ತರಬೇತಿಯ ಲೆಕ್ಕದಲ್ಲಿ ಇದು ಒಗಟೇ ಅಲ್ಲ, ಜಗತ್ತಿನಲ್ಲಿ ಒಬ್ಬಳೇ ಒಬ್ಬಳಿಗೆ ಬಿಡಿಸಲು ಬರುವಂಥದ್ದು. ಬೇಕಾಗಿದ್ದವಳೂ ಅವಳೊಬ್ಬಳೇ.

ರತ್ನ ಬಾಲ ಹಿಡಿದು ಎಳೆದಳು. ಗಂಟು ಬಿಚ್ಚಿತು. ರಿಬ್ಬನ್ ಹಿಡಿದು ಹೊರಗೆ ಬಂದಳು. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಅಭ್ಯಾಸಬಲ, ನೇರ ನನ್ನ ಹತ್ತಿರವೇ ಬಂದಳು.

"ಟೀಚರೇ, ನಿಜ ಹೇಳಿ. ಇವಳಿಗೆ ಓದು ಹತ್ತುತ್ತದಾ? ಕಳಸಕ್ಕೆ ಕಳಿಸ್ಲಾ?"

ನನ್ನ ಬಾಯಿ ತುಂಬ ನೀರು. ಹತ್ತುತ್ತದೆ ಎಂದು ಕಿರುಚಬೇಕೆನಿಸಿತು. ಉಗುಳಿಬಿಡೋಣವೆಂದು ಬಗ್ಗಿದೆ. ಚೈತ್ರ ನನ್ನನ್ನು ನೋಡುತ್ತಿದ್ದಳು, ನೆನಪಿಸುವ ಹಾಗೆ ತಾನೂ ಕೆನ್ನೆ ಉಬ್ಬಿಸಿಕೊಂಡು. ನಾನು ನೆಟ್ಟಗೆ ನಿಂತು ನೆಲ ನೋಡಿದೆ. ಮಂಜ ಕೂಡ ಎರಡು ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದ.

"ಹತ್ತುತ್ತದೆ ಅಮ್ಮ," ಎಂದಳು ಚೈತ್ರ. ಸ್ವಲ್ಪ ಒರಟು ದನಿ, ನಾನು ಅಂದುಕೊಂಡದ್ದಕ್ಕಿಂತ ಗಟ್ಟಿ. "ನಾನು ಹೋಗ್ತೇನೆ. ನಂಗೆ ಎಲ್ಲ ಬರ್ತದೆ, ನಿಧಾನ ಬರ್ತದೆ. ಟೀಚರು ಸ್ವಲ್ಪ ಹೊತ್ತು ಕಾಯ್ಬೇಕು, ಅಷ್ಟೆ."

ರತ್ನ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಹಂಗಾರೆ ಜೂನಿಗೆ ಸೇರಿಸ್ತೇನೆ," ಎಂದಳು. ರಸ್ತೆಯಲ್ಲಿ ಜೀಪಿನ ಹಾರನ್ ಕೇಳಿತು. ಇಬ್ಬರೂ ಓಡಿದರು.

ಜೀಪು ತಿರುವು ದಾಟಿ ಸದ್ದು ಅಡಗುವವರೆಗೂ ನಾನು ಆ ನೀರನ್ನು ಉಗುಳಲಿಲ್ಲ.